ಜ್ವರ ಇಳಿಯಿತು, ಕಾಲು ಮರಳಿತು: ಎಂಎಸ್‌ಗೆ ಬ್ಯಾಕ್ಟೀರಿಯಾ ಕಾರಣವೇ?

ಪ್ರಶ್ನೆ: ಡಾಕ್ಟರೇ, ನಮ್ಮದು ಕೊಡಗಿನ ಅಮ್ಮತ್ತಿ ಹತ್ತಿರ. 34 ವರ್ಷದ ನನ್ನ ತಂಗಿಗೆ ಎರಡು ವರ್ಷದಿಂದ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮೊನ್ನೆಮೊನ್ನೆಯವರೆಗೂ ಕೋಲಿಲ್ಲದೆ ಕಾಫಿ ಕಣದವರೆಗೆ ನಡೆಯುತ್ತಿದ್ದಳು. ಕಳೆದ ವಾರ ಚಳಿಜ್ವರ ಬಂತು. ಬೆಳಿಗ್ಗೆ ಎದ್ದಾಗ ಬಲಗಾಲು ಎಳೆಯುತ್ತಿದ್ದಳು. ಮೊದಲ ಸಲ ಸೋತದ್ದೂ ಅದೇ ಕಾಲು. ಮೂತ್ರದ ಸೋಂಕು ಎಂದು ಆಂಟಿಬಯೋಟಿಕ್ ಕೊಟ್ಟರು. ಜ್ವರ ಇಳಿದು ಕಾಲೂ ಮುಕ್ಕಾಲು ಸರಿಯಾಯಿತು. ಈಗ ನಮ್ಮ ಭಾವ, "ಕಾಯಿಲೆಯ ಮೂಲವೇ ಬ್ಯಾಕ್ಟೀರಿಯಾ, ಅದೇ ಮಾತ್ರೆ ಆರು ತಿಂಗಳು ಕೊಡಿಸಿ" ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ (ನರರೋಗ ವೈದ್ಯ): ಬೇಡ. ಕಾಲು ಮರಳಿದ್ದು ಜ್ವರ ಇಳಿದದ್ದರಿಂದ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಹೊದಿಕೆ ಕಳೆದುಕೊಂಡ ನರ ಹೇಗೋ ಕೆಲಸ ಸಾಗಿಸುತ್ತಿರುತ್ತದೆ, ಮೈ ಅರ್ಧ ಡಿಗ್ರಿ ಬಿಸಿಯಾದರೂ ತಡವರಿಸುತ್ತದೆ. ವ್ಯಾಯಾಮ ಮಾಡಿದಾಗ ಇಂಥ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದರು. "ಅದೇ ಕಾಲು" ಎಂದಿರಲ್ಲ, ನನಗೆ ಬೇಕಿದ್ದ ಸುಳಿವು ಅದು. ಹಳೆಯ ಗಾಯವೇ ಮತ್ತೆ ಮುಖ ತೋರಿಸಿದಂತಿದೆ. ಆದರೆ ಸೋಂಕು ಎಂಎಸ್‌ನ ನಿಜವಾದ ಮರುದಾಳಿಯನ್ನೂ ಕೆರಳಿಸಬಲ್ಲದು. ಸೋಂಕು ವಾಸಿಯಾದ ಮೇಲೂ ಕಾಲು ಸೋತೇ ಇದ್ದರೆ, ಕಣ್ಣಿಗೋ ಕೈಗೋ ಹೊಸ ತೊಂದರೆ ಬಂದರೆ ತಡಮಾಡಬೇಡಿ.

ಭಾವನವರನ್ನು ಗದರಬೇಡಿ, ವಿಜ್ಞಾನಿಗಳೂ ಆ ದಾರಿ ಹಿಡಿದಿದ್ದರು. 1999ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ಸಂಶೋಧಕರು ಎಂಎಸ್ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಕ್ಲಮೈಡಿಯಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಸಿಕ್ಕಿತೆಂದರು. ಬೇರೆ ಹಲವು ಪ್ರಯೋಗಾಲಯಗಳಿಗೆ ಅದು ಸಿಗಲಿಲ್ಲ. ಕೆನಡಾದಲ್ಲಿ ಎಂಎಸ್‌ನಂಥ ಮೊದಲ ದಾಳಿಯಾದವರಿಗೆ ಮಿನೋಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ನೋಡಿದರು. 2017ರ ಆ ವರದಿಯಲ್ಲಿ ಆರು ತಿಂಗಳಿಗೆ ಲಾಭ ಕಂಡಿತು, ಎರಡು ವರ್ಷಕ್ಕೆ ಉಳಿಯಲಿಲ್ಲ. ಕರುಳಿನ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾ ಸುರಿಸುವ ವಿಷದ ಬಗ್ಗೆ ನನಗೂ ಕುತೂಹಲವಿದೆ, ಅದಿನ್ನೂ ಶಂಕೆಯ ಹಂತದಲ್ಲಿದೆ. ಇಂದು ಬಲವಾದ ಸಾಕ್ಷ್ಯವಿರುವುದು ಎಪ್‌ಸ್ಟೈನ್ ಬಾರ್ ವೈರಸ್ ವಿರುದ್ಧ. ವೈರಸ್‌ಗೆ ಆಂಟಿಬಯೋಟಿಕ್ ತಾಗುವುದೇ ಇಲ್ಲ.

ಅವರೇ ಮತ್ತೆ: ಅವಳಿಗೆ ಉರಿಮೂತ್ರ ಇರಲೇ ಇಲ್ಲ ಡಾಕ್ಟರೇ. ಮೂತ್ರ ಕೆಂಪಗಿತ್ತು. ನಮ್ಮ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ 18ಕ್ಕೆ ಮೂತ್ರ ಕೆಂಪಾಗಿಸುವ ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು, ಅದರ ಬಣ್ಣವೆಂದು ಸುಮ್ಮನಿದ್ದೆವು.

ಉತ್ತರ: ಆ ದಿನ ನಮ್ಮ ಮನೆಯಲ್ಲೂ ಎಲ್ಲರದ್ದೂ ಕೆಂಪೇ! ಆದರೆ ಪಾಯಸದಿಂದ ಚಳಿಜ್ವರ ಬರುವುದಿಲ್ಲ. ಎಂಎಸ್‌ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸ್ಪರ್ಶ ಮಂಕಾದವರಿಗೆ ಉರಿ ತಿಳಿಯದೆಯೂ ಹೋಗಬಹುದು. ಇನ್ನೊಮ್ಮೆ ಕಾಲು ಸೋತರೆ ಮರುದಾಳಿಯೆಂದು ಸ್ಟೀರಾಯ್ಡ್ ಡ್ರಿಪ್ ಹಾಕುವ ಮುಂಚೆ ಮೂತ್ರ ಪರೀಕ್ಷೆ ಮಾಡಿಸಿ. ಮಳೆಗಾಲದ ಜ್ವರವಾದರೆ ಇಲಿಜ್ವರದ ಪರೀಕ್ಷೆಯನ್ನೂ ಕೇಳಿ. ಈಗಿನ ಆಂಟಿಬಯೋಟಿಕ್ ಹೇಳಿದಷ್ಟು ದಿನ ಮುಗಿಸಲಿ, ಎಂಎಸ್ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಮೂತ್ರ ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯುತ್ತದೆಂದು ಒಂದು ಸ್ಕ್ಯಾನ್ ಮಾಡಿಸಿ, ವರದಿಯನ್ನು ಇಲ್ಲಿ ಹಾಕದೆ ಅವಳ ವೈದ್ಯರಿಗೇ ತೋರಿಸಿ.