ಸಹಾಯ ಬೇಕು: ಆಂಪ್ಲಿಫೈಯರ್‌ನಲ್ಲಿ ಗುಂಯ್ ಸದ್ದು, ಅರ್ಥಿಂಗ್ ತೊಂದರೆನಾ?

ನಮಸ್ಕಾರ. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೇ ಮನೆ. ಆಂಪ್ಲಿಫೈಯರ್ ಹಚ್ಚಿದರೆ ಸ್ಪೀಕರಿನಲ್ಲಿ ಒಂದೇ ಸಮ ಗುಂಯ್ ಅನ್ನುತ್ತದೆ. ಸೆಟ್‌ಟಾಪ್ ಬಾಕ್ಸಿನ ವೈರ್ ಕಿತ್ತರೆ ಸ್ವಲ್ಪ ಕಡಿಮೆ. ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ಮೇಲೆ ನಿಂತು ಆಂಪ್ಲಿಫೈಯರ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ!

ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ 228 ವೋಲ್ಟ್, ಫೇಸ್-ಅರ್ಥ್ ಬರೀ 140. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು; ಅಂದರೆ ಅರ್ಥ್ ಸರಿಯಿಲ್ಲ, ಅಲ್ವಾ? ಉಪ್ಪು-ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಅಪ್ಪನ ಕಾಲದ್ದು. ನೀರು ಹಾಕಿದವರೇ ಇಲ್ಲ, ನಮ್ಮ ಬಿಸಿಲಂತೂ ಗೊತ್ತೇ ಇದೆ.

ಎಲೆಕ್ಟ್ರಿಷಿಯನ್ ಒಬ್ಬರು "ಅರ್ಥ್ ಪಿನ್ ಕತ್ತರಿಸಿಬಿಡಿ, ಸದ್ದು ಹೋಗುತ್ತೆ" ಅಂದರು. ಸದ್ದಿನ ಜೊತೆ ಜೀವವೂ ಹೋದರೆ? ಬೇಡ ಅಂದೆ.

ಗುಂಡಿಗೆ ನೀರು ಹಾಕಿ ನೋಡಲೋ, ಹೊಸದೇ ತೋಡಿಸಲೋ? 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಕೂಡ ಹಾಕಿಸಬೇಕೆಂದಿದ್ದೇನೆ. ಅರ್ಥ್ ರೆಸಿಸ್ಟೆನ್ಸ್ ಅಳೆಯುವ ಮೀಟರ್ ಇರುವವರು ಇಲ್ಲಿ ಯಾರಾದರೂ ಇದ್ದಾರಾ? ಸದ್ಯಕ್ಕೆ ಪ್ಲಗ್ ಕಿತ್ತಿಟ್ಟಿದ್ದೇನೆ.