ಇಬ್ಬರಿಗೆ ನಾಲ್ಕು ಬಗೆಯ ಮೆಡಿಟರೇನಿಯನ್ ಊಟ: ಮಾಡಿದವಳೂ ಜೊತೆಗೆ ಕೂತು ಉಣ್ಣೋದು ಹೇಗೆ?

ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ, ಈ ತಿಂಗಳ ಕೊನೆಗೆ ರಜೆ ಮೇಲೆ ಬರ್ತಾರೆ. ಪಿರೇಯಸ್, ನೇಪಲ್ಸ್ ಬಂದರುಗಳಲ್ಲಿ ಇಳಿದಾಗೆಲ್ಲ ಅಲ್ಲಿಯ ಊಟದ ಫೋಟೋ ಕಳಿಸ್ತಾರೆ. ಒಂದು ತಟ್ಟೆ ಖಾಲಿಯಾದ ಮೇಲೆ ಇನ್ನೊಂದು, ಮಾತಾಡ್ತಾ ಎರಡು ತಾಸು ಕೂತು ಉಣ್ಣೋದು. ಅವರು ಬಂದ ಮೇಲಿನ ಮೊದಲ ಶನಿವಾರ ರಾತ್ರಿ ಅಂಥದ್ದೊಂದು ಊಟ ಮನೆಯಲ್ಲೇ ಮಾಡಬೇಕು ಅಂತ ನನ್ನ ಆಸೆ. ಅತ್ತೆ ನಮ್ಮ ಮಗನನ್ನು ಕರಕೊಂಡು ಅಂಕೋಲೆಗೆ ಹೋಗ್ತಾರೆ, ಮನೆಯಲ್ಲಿ ನಾವಿಬ್ಬರೇ.

ಮೊದಲು ಕಾಬೂಲಿ ಕಡಲೆ ರುಬ್ಬಿ ಮಾಡೋ ಹಮ್ಮಸ್, ಸೌತೆಕಾಯಿ-ಮೊಸರಿನ ತ್ಸಾತ್ಸಿಕಿ, ಜೊತೆಗೆ ಬೇಕರಿಯ ಪಾವ್. ಆಮೇಲೆ ತಿಸ್ರೆ (ಚಿಪ್ಪುಮೀನು) ಹಾಕಿದ ಸ್ಪಗೆಟಿ. ಆಮೇಲೆ ಇಡೀ ಪಾಂಪ್ಲೆಟ್ ಮೀನು, ಬಟಾಟೆ-ಟೊಮೆಟೊ ಹಾಸಿ ಓವನ್ನಿನಲ್ಲಿ. ಸಿಹಿ ಇನ್ನೂ ಗಟ್ಟಿಯಾಗಿಲ್ಲ. ಇರೋದು ಎರಡು ಬರ್ನರಿನ ಗ್ಯಾಸ್, 28 ಲೀಟರಿನ ಓಟಿಜಿ (ಕರೆಂಟಿನ ಓವನ್).

ಮಾಡೋ ವಿಧಾನ ಎಲ್ಲಿ ಬೇಕಾದರೂ ಸಿಗುತ್ತೆ, ನನಗೆ ಬೇಕಾದ್ದು ಹೊತ್ತಿನ ಲೆಕ್ಕ. ನಮ್ಮ ಮನೆಯಲ್ಲಿ ಯಾವ ಹಬ್ಬಕ್ಕೂ ಅಡುಗೆ ಮಾಡಿದವಳು ಬಿಸಿಬಿಸಿ ಬಡಿಸ್ತಾ ನಿಂತಿರ್ತಾಳೆ, ಎಲ್ಲರದ್ದೂ ಆದ ಮೇಲೆ ತಾನು ಕೂರ್ತಾಳೆ. ಅವತ್ತು ಹಾಗಾಗೋದು ಬೇಡ. ಅವರ ಎದುರು ಕೂತು ನಾನೂ ಉಣ್ಣಬೇಕು.

ಕುಮಟೆಯ ಬಾಣಸಿಗ

ಅಕ್ಕಾ, ನಾನು ಗೋವಾದ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ತಟ್ಟೆ ಬರೋ ಕ್ರಮ ಬೇರೆ, ಅಡುಗೆ ಆಗೋ ಕ್ರಮ ಬೇರೆ. ನಾಲ್ಕು ಬಗೆಯಲ್ಲಿ ಒಂದೇ ಒಂದಕ್ಕೆ ಮಾತ್ರ ನೀವು ಒಲೆ ಮುಂದೆ ನಿಲ್ಲಬೇಕು, ಉಳಿದ ಮೂರು ತಮ್ಮಷ್ಟಕ್ಕೆ ಆಗಬೇಕು. ನಿಮ್ಮ ಪಟ್ಟಿಯಲ್ಲಿ ನಿಂತು ಮಾಡಲೇಬೇಕಾದ್ದು ಸ್ಪಗೆಟಿ, ಅದೂ ಹತ್ತು-ಹನ್ನೆರಡು ನಿಮಿಷ.

ಗುರುವಾರ ರಾತ್ರಿ ಕಾಬೂಲಿ ಕಡಲೆ ನೆನೆಹಾಕಿ, ನೀರಿಗೆ ಚಿಟಿಕೆ ಅಡುಗೆ ಸೋಡಾ. ಶುಕ್ರವಾರ ಕುಕ್ಕರಿನಲ್ಲಿ ಬೆರಳಿಗೆ ಸಿಕ್ಕರೆ ಹಿಟ್ಟಾಗುವಷ್ಟು ಬೇಯಿಸಿ. ತಹಿನಿಗೆ ಅಂಗಡಿ ಹುಡುಕಬೇಡಿ: ಬಿಳಿ ಎಳ್ಳು ಬಣ್ಣ ತಿರುಗದಂತೆ ಹುರಿದು, ಸ್ವಲ್ಪ ಎಣ್ಣೆ ಬಿಟ್ಟು ಮಿಕ್ಸಿಯಲ್ಲಿ ತಿರುಗಿಸಿದರೆ ಆಯ್ತು. ಎಳ್ಳು ಕೆಂಪಾದರೆ ಕಹಿ ಬರುತ್ತೆ. ಕಡಲೆ, ತಹಿನಿ, ಲಿಂಬೆ, ಬೆಳ್ಳುಳ್ಳಿ ರುಬ್ಬುವಾಗ ಐಸ್ ನೀರು ಚಮಚ ಚಮಚವಾಗಿ ಹಾಕಿ. ಬಣ್ಣ ಬಿಳಿಚಿ, ಹಿಟ್ಟು ಹಗುರಾಗೋದು ಕಣ್ಣಿಗೇ ಕಾಣುತ್ತೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇದ್ದರೆ ರುಚಿ ಕೂಡಿಕೊಳ್ಳುತ್ತೆ. ಬಡಿಸೋ ಅರ್ಧ ತಾಸು ಮುಂಚೆ ಹೊರಗಿಡಿ.

ಶನಿವಾರ ಎಂಟಕ್ಕೆ ಕೂರೋದು ಅಂತಿಟ್ಟುಕೊಂಡು ಹಿಂದಕ್ಕೆ ಎಣಿಸೋಣ. ಬಟಾಟೆ ಬೇಯಲಿಕ್ಕೆ ಮೀನಿಗಿಂತ ಎರಡು-ಮೂರು ಪಟ್ಟು ಹೊತ್ತು ಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ಮೀನು ಒಣಗುತ್ತೆ, ಇಲ್ಲವೇ ಬಟಾಟೆ ಹಸಿಯಾಗಿ ಉಳಿಯುತ್ತೆ. ಅದಕ್ಕೆ ಏಳು ಗಂಟೆಗೆ ಓವನ್ 200 ಡಿಗ್ರಿಗೆ ಕಾಯಲಿಕ್ಕೆ ಬಿಡಿ. ತೆಳುವಾಗಿ ಹೆಚ್ಚಿದ ಬಟಾಟೆ, ಈರುಳ್ಳಿ, ಟೊಮೆಟೊಗೆ ಆಲಿವ್ ಎಣ್ಣೆ, ಉಪ್ಪು ಸವರಿ ಏಳೂಕಾಲಿಗೆ ಒಳಗಿಡಿ. ಎಂಟಕ್ಕೆ ಮುಂಚೆ ತೆಗೆದು ಹೊರಗಿಟ್ಟುಬಿಡಿ. ಮೀನಿಗೆ ಗೀರು ಹಾಕಿ, ಉಪ್ಪು-ಲಿಂಬೆ ಸವರಿ, ಹೊಟ್ಟೆಗೆ ಲಿಂಬೆ ಬಿಲ್ಲೆ ತುಂಬಿ ಅದರ ಮೇಲೆ ಮಲಗಿಸೋದು ಆಮೇಲೆ.

ಕೂರೋ ಮೊದಲು ಒಂದು ಬರ್ನರಿನ ಮೇಲೆ ಎರಡು ಲೀಟರ್ ನೀರು ಕುದಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ. ಹಮ್ಮಸ್-ಪಾವ್ ತಿನ್ನುತ್ತಾ ಅರ್ಧ ತಾಸು ಆರಾಮ ಮಾತಾಡಿ. ಎಂಟೂವರೆಗೆ ಎದ್ದು ಸ್ಪಗೆಟಿ ನೀರಿಗೆ. ಇಬ್ಬರಿಗೆ 120 ಗ್ರಾಂ ಸಾಕು, ಮುಂದೆ ಮೀನಿದೆ. ಆಗಲೇ ಓವನ್ ಮತ್ತೆ ಹಚ್ಚಿ. ಇನ್ನೊಂದು ಬರ್ನರಿನಲ್ಲಿ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಂದು ಒಣಮೆಣಸು, ಮೇಲೆ ತಿಸ್ರೆ ಹಾಕಿ ಮುಚ್ಚಿ. ನಾಲ್ಕೈದು ನಿಮಿಷಕ್ಕೆ ಬಾಯಿ ಬಿಡುತ್ತವೆ. ಬಿಡದಿದ್ದವನ್ನು ಎಸೆದುಬಿಡಿ. ಅದಕ್ಕೆ ಉಪ್ಪು ಹಾಕಬೇಡಿ, ತಿಸ್ರೆಯ ನೀರೇ ಉಪ್ಪು. ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಒಂದೆರಡು ನಿಮಿಷ ಮುಂಚೆ ಸ್ಪಗೆಟಿ ಎತ್ತಿ ಬಾಣಲೆಗೆ ಹಾಕಿ, ಅದು ಬೆಂದ ನೀರು ಒಂದು ಸೌಟು ಸೇರಿಸಿ ಅಲ್ಲಾಡಿಸಿ. ಎಣ್ಣೆ, ನೀರು ಕೂಡಿ ರಸ ಮಂದವಾಗಿ ಎಳೆಗೆ ಅಂಟುತ್ತೆ. ಚೀಸ್ ಹಾಕಬೇಡಿ, ನೇಪಲ್ಸಿನವರೂ ಹಾಕೋದಿಲ್ಲ.

ಸ್ಪಗೆಟಿ ತಟ್ಟೆಗೆ ಬಡಿಸಿದ ಕೈಯಲ್ಲೇ ಮೀನು ಓವನ್ನಿಗೆ. 350 ಗ್ರಾಮಿನ ಪಾಂಪ್ಲೆಟ್ಟಿಗೆ 15ರಿಂದ 18 ನಿಮಿಷ. ಓವನ್ ಅದರ ಪಾಡಿಗೆ ಕೆಲಸ ಮಾಡ್ತಿರುತ್ತೆ, ನೀವಿಬ್ಬರೂ ತಿಸ್ರೆ ಚೀಪುತ್ತಾ ಕೂತಿರ್ತೀರಿ. ದಪ್ಪ ಇರೋ ಜಾಗದಲ್ಲಿ ಚಮಚದ ತುದಿಯಿಂದ ಎತ್ತಿ ನೋಡಿ, ಮುಳ್ಳಿನಿಂದ ಮಾಂಸ ಬಿಟ್ಟುಕೊಂಡರೆ ಆಯ್ತು.

ಶಿರಸಿ ಅತ್ತಿಗೆ

ಮೀನಿನ ವಿಷಯ ನನಗೆ ದೂರ, ಮೊಸರಿನ ವಿಷಯ ಹೇಳ್ತೆ ತಂಗಿ. ಅರ್ಧ ಲೀಟರಿನ ಮೊಸರನ್ನು ಶುಕ್ರವಾರ ರಾತ್ರಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೇ ಪಾತ್ರೆ ಮೇಲೆ ತೂಗುಹಾಕು. ಕರಾವಳಿ ಸೆಕೆಗೆ ಹೊರಗೆ ಕಟ್ಟಿದರೆ ಬೆಳಗಾಗೋದರೊಳಗೆ ಹುಳಿಯಾಗುತ್ತೆ. ಸೌತೆಕಾಯಿ ತುರಿದು, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡು. ಈ ಹಿಂಡೋದನ್ನು ಬಿಟ್ಟರೆ ತ್ಸಾತ್ಸಿಕಿ ಆಗೋದಿಲ್ಲ, ನಮ್ಮ ಕಡೆಯ ಸೌತೆಕಾಯಿ ‘ಹಸಿ’ (ಮೊಸರು ಪಚ್ಚಡಿ) ಆಗುತ್ತೆ.

ಅದೇ ಮೊಸರಿನಲ್ಲಿ ಅರ್ಧ ತೆಗೆದಿಟ್ಟರೆ ಸಿಹಿಯೂ ಆಯ್ತು. ಗ್ರೀಸಿನವರು ಗಟ್ಟಿ ಮೊಸರಿನ ಮೇಲೆ ಜೇನುತುಪ್ಪ, ಅಕ್ರೋಟು ಹಾಕಿ ತಿಂತಾರೆ. ನೀನು ತುಡುವೆ ಜೇನು ಹಾಕು, ಹುರಿದ ಗೇರುಬೀಜ ಉದುರಿಸು. ಎರಡು ಬಟ್ಟಲಲ್ಲಿ ಸಂಜೆಯೇ ತುಂಬಿ ಫ್ರಿಜ್ಜಿಗೆ ಇಟ್ಟುಬಿಡು, ಬೀಜ ಮಾತ್ರ ಕೊನೆಗೆ. ಆಸರಿಗೆ ಮುರುಗಲು ಪಾನಕ ಇರಲಿ, ಎಣ್ಣೆ ಊಟಕ್ಕೆ ಆ ಹುಳಿ ಬೇಕು.

ಇನ್ನೊಂದು. ಕರೆಂಟ್ ಹೋದರೆ? ಮನೆ ಇನ್ವರ್ಟರಿನಲ್ಲಿ ಓಟಿಜಿ ನಡೆಯೋದಿಲ್ಲ. ಮೀನು ಹಿಡಿಯುವಂಥ ಅಗಲ ಬಾಣಲೆ, ಮುಚ್ಚಳ ಹುಡುಕಿಟ್ಟಿರು.

ಕೋಡಿಬಾಗದವಳು

ಅತ್ತಿಗೆ, ಕರೆಂಟಿನ ಮಾತು ನನ್ನ ತಲೆಗೇ ಬಂದಿರಲಿಲ್ಲ. ಸಿಹಿ ನೀವು ಹೇಳಿದ್ದೇ ಗಟ್ಟಿ. ಬಾಣಸಿಗರೇ, ತಿಸ್ರೆ ಬೆಳಿಗ್ಗೆ ತಂದರೆ ರಾತ್ರಿವರೆಗೆ ಹೇಗಿಡೋದು? ಅವತ್ತು ಒಳ್ಳೆ ಪಾಂಪ್ಲೆಟ್ ಸಿಗದಿದ್ದರೆ?

ಕುಮಟೆಯ ಬಾಣಸಿಗ

ಅತ್ತಿಗೆ ಹೇಳಿದ್ದು ಸರಿ. ಕರೆಂಟ್ ಹೋದರೆ ಬೆಂದ ಬಟಾಟೆ-ಟೊಮೆಟೊವನ್ನು ಬಾಣಲೆಗೆ ಹಾಕಿ, ಮೇಲೆ ಮೀನಿಟ್ಟು ಮುಚ್ಚಿ ಮಧ್ಯಮ ಉರಿ. ಸ್ಪಗೆಟಿ ಆದ ಮೇಲೆ ಎರಡೂ ಬರ್ನರ್ ಖಾಲಿ ಇರುತ್ತಲ್ಲ.

ತಿಸ್ರೆಯನ್ನು ನೀರಿಲ್ಲದ ಪಾತ್ರೆಯಲ್ಲಿ, ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಡಬ್ಬಿಯಲ್ಲಿ ಬಿಗಿಯಬೇಡಿ, ಸಾಯುತ್ತವೆ. ಸಂಜೆ ಐದೂವರೆಗೆ ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ತಾಸು ಬಿಟ್ಟರೆ ಮರಳು ಕಕ್ಕುತ್ತವೆ. ಆಮೇಲೆ ಕೈಯಲ್ಲಿ ಎತ್ತಿ ತೆಗೆಯಿರಿ, ಪಾತ್ರೆ ಬಗ್ಗಿಸಿದರೆ ಮರಳೆಲ್ಲ ಮತ್ತೆ ಮೇಲೆಯೇ. ಬಾಯಿ ಬಿಟ್ಟದ್ದನ್ನು ತಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಬೇಡ.

ಪಾಂಪ್ಲೆಟ್ ಕಿವಿರು ಕೆಂಪಗಿಲ್ಲದಿದ್ದರೆ ಬಿಟ್ಟು ಇಸ್ವಾಣ ಮೀನಿನ ಒಂದಿಂಚು ದಪ್ಪದ ಎರಡು ತುಂಡು ತನ್ನಿ. ಓವನ್ನಿನಲ್ಲಿ 10 ನಿಮಿಷ. ಅದಕ್ಕಿಂತ ಹೆಚ್ಚು ಬಿಟ್ಟರೆ ಇಸ್ವಾಣ ಒಣಗುತ್ತೆ, ಅದಕ್ಕೆ ಸ್ಪಗೆಟಿ ಅರ್ಧ ಉಂಡ ಮೇಲೆ ಎದ್ದು ಒಳಗಿಡಿ.