ಒಂದೂವರೆ ತೂತು

ಭಾನುವಾರ ಬೆಳಿಗ್ಗೆ ನಾನೂ ನಾಗನೂ ಹೋದಾಗ ಸೀನ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ.

"ಏನೋ, ಭಸ್ಮಾಭಿಷೇಕ ಆಗಿದೆಯಲ್ಲ?" ಎಂದ ನಾಗ.

ಕರ್ಟನ್ ರಾಡ್ ಹಾಕುತ್ತಿದ್ದನಂತೆ. ಬೇಕಾಗಿದ್ದು ನಾಲ್ಕೇ ತೂತು. ಅದಕ್ಕೆ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ 1,100 ರೂಪಾಯಿಗೆ ಡ್ರಿಲ್ಲಿಂಗ್ ಮಷೀನ್ ತಂದಿದ್ದ. ಜೊತೆಗೆ ಅದರ ಮೂತಿಗೆ ಸಿಕ್ಕಿಸಿ ಕೊರೆಯುವ ಹದಿಮೂರು ಬಿಟ್ ಫ್ರೀ.

"ಎಷ್ಟು ತೂತಾಯ್ತು?"

"ಒಂದೂವರೆ."

ಗಾರೆ ಬೆಣ್ಣೆಯ ಹಾಗೆ ಹೋಯಿತಂತೆ. ಆಮೇಲೆ ಬಿಟ್ ಸುಮ್ನೆ ತಿರುಗುತ್ತಿದೆ. ತಿರುಗದೆ ಇನ್ನೇನು? ಕಿಟಕಿಯ ಮೇಲಿರುವುದು ಲಿಂಟಲ್. ಕಾಂಕ್ರೀಟು, ಒಳಗೆ ಕಬ್ಬಿಣದ ಕಂಬಿ ಬೇರೆ. ಇದಕ್ಕೆ ಕುಟ್ಟುತ್ತಲೇ ಕೊರೆಯುವ ಹ್ಯಾಮರ್ ಮಷೀನ್ ಬಾಡಿಗೆಗೆ ತರಬೇಕು ಎಂದೆ.

"ಇದರಲ್ಲೂ ಹ್ಯಾಮರ್ ಇದೆ ಕಣೋ" ಎಂದು ಸೀನ ಗುಂಡಿ ತೋರಿಸಿದ.

"ಅದು ಹಲ್ಲುಚಕ್ರ ಎರಡು ಒಂದಕ್ಕೊಂದು ಉಜ್ಜಿ ಗಡಗಡ ಅನ್ನೋದು. ಬಾಡಿಗೆಗೆ ಸಿಗುವ ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಇರುತ್ತೆ, ನಿಜವಾಗಿ ಕುಟ್ಟುತ್ತೆ. ನಿಂದು ಬೀಸುಕಲ್ಲು, ಅದು ಒನಕೆ."

"ಬಾಡಿಗೆ ಕೊಟ್ಟರೆ ಕೊನೆಗೆ ಕೈಯಲ್ಲಿ ಏನು ಉಳಿಯುತ್ತೆ?"

"ಕೈ ಉಳಿಯುತ್ತೆ."

ಸೀನ ಹಟಕ್ಕೆ ಬಿದ್ದು ಗೋಡೆಗೆ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಮಷೀನಿನ ಹಿಂಭಾಗದಿಂದ ಕಿಡಿ, ಆಮೇಲೆ ಹೊಗೆ, ಆಮೇಲೆ ಮೌನ. ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಸುಟ್ಟ ವಾಸನೆ ಅಡುಗೆಮನೆಯ ಒಗ್ಗರಣೆಯನ್ನೇ ಮುಚ್ಚಿಹಾಕಿತು.

ಹಾಗಂತ ಎಲ್ಲವನ್ನೂ ಬಾಡಿಗೆಗೆ ತರಬೇಕಾಗಿಲ್ಲ. ಸುತ್ತಿಗೆ, ಸ್ಕ್ರೂಡ್ರೈವರ್, ಗುಳ್ಳೆ ನೋಡಿ ಮಟ್ಟ ಹಿಡಿಯುವ ರಸಮಟ್ಟ ಸ್ವಂತದ್ದೇ ಇರಬೇಕು. ಆದರೆ ರಸಮಟ್ಟದಲ್ಲಿ ಜಿಪುಣತನ ಬೇಡ. ನಾನೊಮ್ಮೆ ರಸ್ತೆಬದಿಯಲ್ಲಿ ಅಗ್ಗಕ್ಕೆ ತಂದಿದ್ದೆ. ಅದರ ಗುಳ್ಳೆ ನಡುವೆ ಕುಳಿತದ್ದು ನೋಡಿಯೇ ಶೆಲ್ಫ್ ಹೊಡೆಸಿದೆ. ಇಟ್ಟ ನಿಂಬೆಹಣ್ಣೆಲ್ಲ ಉರುಳಿ ಮೂಲೆಗೆ ಸೇರುತ್ತಿದ್ದವು. ಕೊಳ್ಳುವಾಗ ಅಂಗಡಿಯ ಮೇಜಿನ ಮೇಲಿಟ್ಟು ನೋಡಬೇಕು, ಹಾಗೇ ತಿರುಗಿಸಿ ಎಡದ ತುದಿ ಬಲಕ್ಕೆ ಬರುವಂತೆ ಅದೇ ಜಾಗದಲ್ಲಿಡಬೇಕು. ಗುಳ್ಳೆ ಬೇರೆ ಕಡೆ ನಿಂತರೆ ಅದು ಸುಳ್ಳು ಹೇಳುತ್ತಿದೆ ಅಂತ ಅರ್ಥ. ಆ ಬುದ್ಧಿ ನನಗೆ ನಿಂಬೆಹಣ್ಣು ಹೆಕ್ಕಿದ ಮೇಲೆ ಬಂತು.

ಕೊನೆಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆವು. ಆಧಾರ್ ಜೆರಾಕ್ಸ್, ಸಾವಿರ ರೂಪಾಯಿ ಅಡ್ವಾನ್ಸ್, ದಿನಕ್ಕೆ 300. ಹತ್ತೇ ನಿಮಿಷದಲ್ಲಿ ಉಳಿದ ಎರಡೂವರೆ ತೂತು ಮುಗಿಯಿತು.

ಸೀನ ಗಡಿಯಾರ ನೋಡಿದ. ಹನ್ನೊಂದೂವರೆ. "ಸಂಜೆವರೆಗೂ ದುಡ್ಡು ಕೊಟ್ಟಿದ್ದೀವಲ್ವಾ?"

ಅಲ್ಲಿಂದ ಶುರುವಾಯಿತು. ಕ್ಯಾಲೆಂಡರಿಗೆ ಒಂದು, ಬೀಗದ ಕೈಗೆ ಒಂದು, ಛತ್ರಿಗೆ ಎರಡು, ಮುಂದೆ ಕೊಳ್ಳಲಿರುವ ಟಿವಿಗೆ ನಾಲ್ಕು. ನಾಗ ಪಕ್ಕದಲ್ಲಿ ನಿಂತು "ಇನ್ನೂ ಮೂರು ಗಂಟೆ ಇದೆ" ಅಂತ ಹುರಿದುಂಬಿಸುತ್ತಿದ್ದ.

ತವರಿಗೆ ಹೋಗಿದ್ದ ಅತ್ತಿಗೆ ಐದಕ್ಕೆ ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಗೋಡೆ ನೋಡಿದರು.

"ಇಷ್ಟಕ್ಕೂ ಏನ್ರೀ ನೇತು ಹಾಕೋದು?"

ಸೀನ ಸುಟ್ಟ ಮಷೀನನ್ನು ಎತ್ತಿ ತೋರಿಸಿದ. "ಮೊದಲನೆಯದಕ್ಕೆ ಇದು."